ಮುದ್ರೆಯುಂಗುರವೂ ಗಣಕದ ಕದವೂ

ಮನೆಯ ಕದವನ್ನು ಯಾರಾದರೂ ತಟ್ಟಿದರೆ ಒಳಗಿದ್ದವರು ಮೊದಲು ಕೇಳುವ ಮಾತು ‘ಯಾರು?’ ಎಂಬುದು. ಹೊರಗಿನಿಂದ ‘ನಾನು’ ಎಂದು ಉತ್ತರ ಬಂದಾಗ ಆ ಧ್ವನಿಯು ಪರಿಚಿತವಾಗಿದ್ದರೆ ಅಗುಳಿಯನ್ನು ಸರಿಸುತ್ತೇವೆ. ಅಪರಿಚಿತವಾಗಿದ್ದರೆ ‘ನಾನು ಎಂದರೆ ಯಾರು?’ ಎಂದು ಪುನಃ ಕೇಳುತ್ತೇವೆ. ನಾವು ಇಂದು ವಾಚಕರ ಮುಂದಿಡುವ ವಿಷಯದ ಸಾರವೆಲ್ಲವೂ ಈ ಎರಡು ಪ್ರಶ್ನೆಗಳಲ್ಲಿಯೇ ಅಡಗಿದೆ. ಆದರೆ ಕದವು ಮರದ್ದಾಗಿರದೆ ಗಣಕಯಂತ್ರದ್ದಾದಾಗ, ತಟ್ಟುವವನು ನೂರು ಹರದಾರಿ ದೂರದಲ್ಲಿ ಕುಳಿತಿರುವಾಗ, ಅವನ ಮುಖವೂ ಕಾಣದೆ ಧ್ವನಿಯೂ ಕೇಳದೆ ಇರುವಾಗ, ಈ ಸಣ್ಣ ಪ್ರಶ್ನೆಯೇ ಒಂದು ಶಾಸ್ತ್ರವಾಗಿ ಬೆಳೆಯುತ್ತದೆ.

ಪಹಣಿ ತೆಗೆಯಿಸುವುದು, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು, ಕರೆಂಟಿನ ಬಿಲ್ಲು ಕಟ್ಟುವುದು, ಬ್ಯಾಂಕಿನ ಲೆಕ್ಕವನ್ನು ನೋಡುವುದು, ಇವೆಲ್ಲವೂ ಈಗ ಖಾತೆ, ಪಾಸ್‌ವರ್ಡು, ಓ.ಟಿ.ಪಿ. ಎಂಬ ಮೂರು ಮೆಟ್ಟಲುಗಳನ್ನು ಹತ್ತಿಯೇ ಆಗಬೇಕಾಗಿವೆ. ಮೆಟ್ಟಲುಗಳು ಏತಕ್ಕೆಂದು ತಿಳಿಯದೆ ಹತ್ತುವವರಿಗೆ ಅವು ಕೇವಲ ಕಾಟವಾಗಿ ತೋರುವುವು. ಬಹುಕಾಲ ಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತರಾದ ನಮಗೂ ಹಾಗೆಯೇ ತೋರಿದ್ದಿತು. ಒಂದು ಕಹಿಯಾದ ಪ್ರಸಂಗವು ನಮ್ಮ ಕಣ್ಣನ್ನು ತೆರೆಯಿಸಿತು. ಆ ಪ್ರಸಂಗದಲ್ಲಿ ತಪ್ಪು ನಮ್ಮದೂ ಇದ್ದಿತಾದುದರಿಂದ ಅದನ್ನು ಮರೆಮಾಚದೆ ಹೇಳುವುದು ಕರ್ತವ್ಯವೆಂದು ಭಾವಿಸುತ್ತೇವೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ಶಿಷ್ಯರು ಕೆಲವರು ಕೂಡಿ, ಬಡ ಮಕ್ಕಳ ಶುಲ್ಕಕ್ಕೂ ಪುಸ್ತಕಕ್ಕೂ ನೆರವಾಗಲೆಂದು ಒಂದು ಚಿಕ್ಕ ನಿಧಿಯನ್ನು ನಡೆಸುತ್ತಿದ್ದಾರೆ. ನಾವು ಅದಕ್ಕೆ ಹೆಸರಿಗೆ ಹಿರಿಯರು. ನಿಧಿಯ ಲೆಕ್ಕವು ಮೊದಲು ಕೆಂಪು ರಟ್ಟಿನ ಒಂದು ದಪ್ಪ ಪುಸ್ತಕದಲ್ಲಿದ್ದಿತು. ಪುಸ್ತಕವು ಸಿರುಗುಪ್ಪದಲ್ಲಿದ್ದ ಲೆಕ್ಕಿಗರ ಬೀರುವಿನಲ್ಲಿದ್ದಿತು. ಬೀರುವಿನ ಕೀಲಿಯು ಅವರ ಉಡಿದಾರದಲ್ಲಿದ್ದಿತು. ಪುಸ್ತಕವನ್ನು ನೋಡಬೇಕೆನ್ನುವವನು ಲೆಕ್ಕಿಗರ ಮನೆಗೆ ಹೋಗಿ, ಅವರ ಮುಖಕ್ಕೆ ಮುಖ ಕೊಟ್ಟು ಕೇಳಬೇಕಾಗಿದ್ದಿತು. ಇದೊಂದು ಕಾವಲೆಂದು ನಾವಾರೂ ಎಣಿಸಿರಲಿಲ್ಲ. ಆದರೂ ಕಾವಲು ಅಲ್ಲಿ ತಾನಾಗಿಯೇ ಇದ್ದಿತು.

ಮೂರು ಊರಿನವರಿಗೂ ಒಂದೇ ಪುಸ್ತಕವು ಕೈಗೆಟಕುವಂತಾಗಲೆಂದು, ಬಳ್ಳಾರಿಯಲ್ಲಿ ಗಣಕದ ಉದ್ಯೋಗ ಮಾಡುತ್ತಿರುವ ಒಬ್ಬ ಶಿಷ್ಯನು ಆ ಲೆಕ್ಕವನ್ನು ಒಂದು ವೆಬ್ ಅಪ್ಲಿಕೇಶನ್ನಾಗಿ ಮಾಡಿಕೊಟ್ಟನು. ಮಗುವಿಗೊಂದು ಹಾಳೆ, ಅದರಲ್ಲಿ ಹೆಸರು, ತರಗತಿ, ಮನೆಯ ಸ್ಥಿತಿ, ಕೊಟ್ಟ ಹಣ. ವಿಳಾಸವನ್ನು ನಮ್ಮವರ ಹೊರತು ಯಾರೂ ಅರಿಯರೆಂಬ ನಂಬಿಕೆಯಿಂದ ಬಾಗಿಲನ್ನೇ ಇಡಲಿಲ್ಲ. ವಿಳಾಸವನ್ನು ಬಲ್ಲವನು ಯಾರೇ ಆಗಲಿ, ಎಲ್ಲ ಹಾಳೆಗಳನ್ನೂ ಓದಬಹುದಾಗಿದ್ದಿತು; ಬೇಕಾದರೆ ತಿದ್ದಲೂ ಬಹುದಾಗಿದ್ದಿತು.

ಒಂದು ವರುಷ ಹೀಗೆಯೇ ನಡೆಯಿತು. ಒಂದು ದಿನ ಮಧ್ಯಾಹ್ನ, ಕುರುಗೋಡಿನ ಕಡೆಯ ಒಂದು ಹಳ್ಳಿಯಿಂದ ಒಬ್ಬ ತಾಯಿಯು ಬಸ್ಸು ಹತ್ತಿ ಬಳ್ಳಾರಿಯ ನಮ್ಮ ಮನೆಗೆ ಬಂದರು. ಸೆರಗಿನ ಗಂಟನ್ನು ಬಿಚ್ಚಿ, ನಿಧಿಯಿಂದ ಅವರ ಮಗಳಿಗೆ ಕೊಟ್ಟಿದ್ದ ಹಣವನ್ನು ನಮ್ಮ ಮುಂದಿಟ್ಟರು. ನಾವು ಕಾರಣವನ್ನು ಕೇಳಿದೆವು.

“ಮೇಷ್ಟ್ರೇ, ನೀವು ಕೊಟ್ಟಿದ್ದು ದೊಡ್ಡದು. ಆದ್ರೆ ನಮ್ಮನೇರು ಕುಡೀತಾರೆ ಅಂತ ಬರದಿದ್ದನ್ನ ಕಾಲೇಜಿನ ಹುಡುಗ್ರೆಲ್ಲಾ ಫೋನಿನಾಗೆ ಓದಿ ನಕ್ಕರೆ, ನನ್ನ ಮಗಳು ಅಲ್ಲಿಗೆ ಹೆಂಗ ಹೋಗ್ಬೇಕು?”

ನಮಗೆ ಉತ್ತರವು ತೋಚಲಿಲ್ಲ. ಯಾರೋ ಒಬ್ಬರು ಆ ವಿಳಾಸವನ್ನು ಫೋನಿನ ಗುಂಪೊಂದರಲ್ಲಿ ಹಾಕಿದ್ದರು. ಅದು ಕೈಯಿಂದ ಕೈಗೆ ಹರಿದು ಹುಡುಗಿಯ ಸಹಪಾಠಿಗಳನ್ನು ಮುಟ್ಟಿದ್ದಿತು. ತಂದೆಯ ವ್ಯಸನದ ಆ ಒಂದು ಸಾಲನ್ನು ಬರೆದವರು ಬೇರಾರೂ ಅಲ್ಲ, ನಾವೇ. ಸಹಾಯವು ಯೋಗ್ಯರಿಗೆ ಸಲ್ಲಲೆಂದು ಬರೆದ ಸಾಲು ಅದು. ಬೀರುವಿನೊಳಗಿನ ಪುಸ್ತಕದಲ್ಲಿ ಯಾರಿಗೂ ನೋವುಂಟುಮಾಡದ ಸಾಲು, ಬಾಗಿಲಿಲ್ಲದ ಮನೆಯ ಗೋಡೆಯ ಮೇಲೆ ಬರೆದಂತಾದಾಗ ಒಂದು ಮಗುವಿನ ವಿದ್ಯೆಗೇ ಕುತ್ತಾಯಿತು. ಹುಡುಗಿಯು ಎರಡು ವಾರಗಳಿಂದ ಕಾಲೇಜಿಗೆ ಹೋಗಿರಲಿಲ್ಲ.

ಅದೇ ರಾತ್ರಿ ನಮ್ಮ ಶಿಷ್ಯನು ಆ ಪುಟಗಳನ್ನೆಲ್ಲ ಮುಚ್ಚಿಬಿಟ್ಟನು. ಆಮೇಲೆ ಮೂರು ವಾರಗಳವರೆಗೆ ಸಾಯಂಕಾಲ ನಮ್ಮ ಮನೆಗೆ ಬಂದು, ತಾನು ಕಟ್ಟುತ್ತಿದ್ದ ಬಾಗಿಲಿನ ರಚನೆಯನ್ನು ನಮಗೆ ವಿವರಿಸಿದನು. ಅಂದು ಅವನು ಗುರು, ನಾವು ಶಿಷ್ಯರು. ನಮಗೆ ಆ ವಿದ್ಯೆಯು ಸಂಸ್ಕೃತ ಕಾವ್ಯಗಳ ಮೂರು ಉಂಗುರಗಳ ಮೂಲಕವೇ ಮನದಟ್ಟಾಯಿತು. ವಾಚಕರಿಗೂ ಆ ದಾರಿಯನ್ನೇ ತೋರಿಸುತ್ತೇವೆ.

ಇಂತಹ ಅಪ್ಲಿಕೇಶನ್ನು ವಾಸಿಸುವುದು ಸರ್ವರ್ ಎಂಬ ದೂರದ ಗಣಕದಲ್ಲಿ. ನಮ್ಮ ಕೈಯ ಫೋನು ‘ಇಂಥ ಹಾಳೆಯನ್ನು ಕೊಡು’ ಎಂದು ಕೇಳುತ್ತದೆ. ಸರ್ವರು ಅದನ್ನು ಸಿದ್ಧಪಡಿಸಿ ಕಳುಹಿಸುತ್ತದೆ. ಆದರೆ ಈ ಸರ್ವರಿಗೆ ದೂರ್ವಾಸರ ಶಾಪ ತಟ್ಟಿದಂತಿದೆ. ಒಂದು ಹಾಳೆಯನ್ನು ಕೊಟ್ಟೊಡನೆ ಕೇಳಿದವರು ಯಾರೆಂಬುದನ್ನು ಅದು ಮರೆತುಬಿಡುವುದು. ಮರುಕ್ಷಣದಲ್ಲಿ ಅವರೇ ಎರಡನೆಯ ಹಾಳೆಯನ್ನು ಕೇಳಿದರೂ ದುಷ್ಯಂತನು ಶಕುಂತಲೆಯನ್ನು ನೋಡಿದಂತೆ ನೋಡುವುದು. ವೆಬ್ಬಿನ ನಿಯಮವೇ ಹಾಗೆ ರಚಿತವಾಗಿದೆ. ಶಕುಂತಲೆಗೆ ಗುರುತಿನ ಉಂಗುರವಿದ್ದಂತೆ ಇಲ್ಲಿಯೂ ಒಂದು ಗುರುತು ಬೇಕಾಯಿತು. ನೆಟ್‌ಸ್ಕೇಪ್ ಎಂಬ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿ ಎಂಬವರು ೧೯೯೪ರಲ್ಲಿ ‘ಕುಕಿ’ ಎಂಬ ಉಪಾಯವನ್ನು ಕಲ್ಪಿಸಿದರು. ನಾವು ಒಮ್ಮೆ ನಮ್ಮ ಹೆಸರನ್ನೂ ಪಾಸ್‌ವರ್ಡನ್ನೂ ಸರಿಯಾಗಿ ಹೇಳಿದೆವೆಂದರೆ, ಸರ್ವರು ಯಾರೂ ಊಹಿಸಲಾಗದ ಒಂದು ಉದ್ದನೆಯ ಸಂಖ್ಯೆಯನ್ನು ಹುಟ್ಟಿಸಿ ನಮ್ಮ ಬ್ರೌಸರಿನ ಕೈಗೆ ಕೊಡುತ್ತದೆ. ಆ ಸಂಖ್ಯೆಯು ಯಾರಿಗೆ ಸೇರಿದ್ದೆಂಬ ಬರಹವನ್ನು ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. ದೇವಸ್ಥಾನದ ಮುಂದೆ ಪಾದರಕ್ಷೆಗಳನ್ನು ಇಟ್ಟಾಗ ಕೊಡುವ ಬಿಲ್ಲೆಯನ್ನು ವಾಚಕರು ನೆನೆಯಲಿ: ಬಿಲ್ಲೆಯಲ್ಲಿ ನಮ್ಮ ಹೆಸರೂ ಇಲ್ಲ, ಕುಲವೂ ಇಲ್ಲ, ಆದರೂ ಅದನ್ನು ತೋರಿಸಿದವನಿಗೆ ಪಾದರಕ್ಷೆಗಳು ಸಿಗುವುವು.

ಆದುದರಿಂದಲೇ ಬಿಲ್ಲೆಯನ್ನು ಕಾಯಬೇಕು. ಅದು ದಾರಿಯಲ್ಲಿ ಕಳುವಾಗದಂತೆ, ಮುಚ್ಚಿದ ಲಕೋಟೆಯಂತಿರುವ ಗುಪ್ತಮಾರ್ಗದಲ್ಲಿಯೇ ಸಾಗಬೇಕು. ವಿಳಾಸದ ಆರಂಭದಲ್ಲಿ ‘ಎಚ್‌ಟಿಟಿಪಿಎಸ್’ ಎಂದಿರುವುದು ಆ ಮಾರ್ಗದ ಚಿಹ್ನೆಯು. ಒಳಗೆ ಬಂದೊಡನೆ ಹಳೆಯ ಬಿಲ್ಲೆಯನ್ನು ಬಿಟ್ಟು ಹೊಸದನ್ನೇ ಕೊಡಬೇಕು. ‘ಲಾಗ್ ಔಟ್’ ಎಂದು ಒತ್ತಿದಾಗ ಸರ್ವರು ತನ್ನಲ್ಲಿರುವ ಬರಹವನ್ನೇ ಅಳಿಸಬೇಕು. ನಮ್ಮ ಕೈಯ ಬಿಲ್ಲೆಯನ್ನು ಮಾತ್ರ ಎಸೆದರೆ, ಮೊದಲೇ ಅದರ ನಕಲು ಮಾಡಿಕೊಂಡವನಿಗೆ ಬಾಗಿಲು ತೆರೆದೇ ಇರುವುದಷ್ಟೆ. ಅಂಗಡಿಯ ಗಣಕದಲ್ಲಿ ಅರ್ಜಿ ತುಂಬಿಸಿ ಹಾಗೆಯೇ ಎದ್ದು ಬರುವ ಗೃಹಸ್ಥರು ತಮ್ಮ ಉಂಗುರವನ್ನು ಅಲ್ಲಿಯೇ ಮೇಜಿನ ಮೇಲೆ ಬಿಟ್ಟುಬಂದಂತಾಗುವುದು.

ಉಂಗುರವು ಪರಹಸ್ತಗತವಾದರೆ ಏನಾಗುವುದೆಂಬುದನ್ನು ವಿಶಾಖದತ್ತನ ಮುದ್ರಾರಾಕ್ಷಸ ನಾಟಕವು ತೋರಿಸಿದೆ. ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಂದನದಾಸನ ಮನೆಯ ಬಾಗಿಲಲ್ಲಿ ಜಾರಿಬಿದ್ದು ಗೂಢಚಾರನ ಮೂಲಕ ಚಾಣಕ್ಯನ ಕೈ ಸೇರುತ್ತದೆ. ಚಾಣಕ್ಯನು ಕಪಟದ ಒಂದು ಪತ್ರಕ್ಕೆ ಆ ಮುದ್ರೆಯನ್ನೊತ್ತಿಸುತ್ತಾನೆ. ಪತ್ರವನ್ನು ಕಂಡ ಮಲಯಕೇತುವು ತನ್ನ ಪರಮಮಿತ್ರನಾದ ರಾಕ್ಷಸನನ್ನೇ ದ್ರೋಹಿಯೆಂದು ನಂಬಿ ದೂರಮಾಡುತ್ತಾನೆ. ಯುದ್ಧವಿಲ್ಲದೆಯೇ ಒಂದು ಪಕ್ಷವು ಮುರಿದುಬೀಳುತ್ತದೆ. ಮಲಯಕೇತುವು ‘ಮುದ್ರೆ ಯಾರದು?’ ಎಂದು ನೋಡಿದನು, ‘ಒತ್ತಿದವನು ಯಾರು?’ ಎಂದು ವಿಚಾರಿಸಲಿಲ್ಲ. ಇಂದಿನ ಪಾಸ್‌ವರ್ಡಿನ ಕಳವುಗಳೂ ಇದೇ ಜಾತಿಯವು.

ಪಾಸ್‌ವರ್ಡಿನ ಕಥೆಯು ಗಣಕಗಳ ಬಾಲ್ಯದಿಂದಲೇ ಮೊದಲಾಗುತ್ತದೆ. ಅಮೆರಿಕದ ಎಂ.ಐ.ಟಿ. ವಿದ್ಯಾಪೀಠದಲ್ಲಿ ೧೯೬೧ರ ಸುಮಾರಿಗೆ ಫರ್ನಾಂಡೊ ಕಾರ್ಬಟೊ ಎಂಬ ವಿದ್ವಾಂಸರ ನೇತೃತ್ವದಲ್ಲಿ, ಅನೇಕರು ಒಂದೇ ಗಣಕವನ್ನು ಹಂಚಿಕೊಂಡು ಬಳಸುವ ಏರ್ಪಾಡಾಯಿತು. ಒಬ್ಬರ ಕಡತವನ್ನು ಇನ್ನೊಬ್ಬರು ಮುಟ್ಟದಿರಲೆಂದು ಪ್ರತಿಯೊಬ್ಬರಿಗೂ ಒಂದು ಗುಪ್ತಪದವನ್ನು ಕೊಟ್ಟರು. ಮರುವರುಷವೇ ಅಲ್ಲನ್ ಷೆರ್ ಎಂಬ ವಿದ್ಯಾರ್ಥಿಯು ತನಗೆ ಹೆಚ್ಚಿನ ಗಣಕವೇಳೆಯು ಬೇಕೆಂಬ ಆಸೆಯಿಂದ, ಗುಪ್ತಪದಗಳ ಇಡೀ ಪಟ್ಟಿಯನ್ನು ಅಚ್ಚು ಹಾಕಿಸಿಕೊಂಡನು. ಗುಪ್ತಪದಗಳನ್ನು ಇದ್ದಂತೆಯೇ ಬರೆದಿಟ್ಟುದೇ ಅಲ್ಲಿಯ ದೋಷವಾಗಿದ್ದಿತು.

ಹಾಗಾದರೆ ಬರೆದಿಡದೆ ಪರೀಕ್ಷಿಸುವುದು ಹೇಗೆ? ಸಿರುಗುಪ್ಪದ ಕಡೆಯವರಿಗೆ ಭತ್ತದ ಗಿರಣಿಯು ಪರಿಚಿತವಾದುದು. ಅಕ್ಕಿಯನ್ನು ಹಿಟ್ಟಾಗಿ ಬೀಸಬಹುದು. ಹಿಟ್ಟನ್ನು ಮರಳಿ ಅಕ್ಕಿಯಾಗಿ ಮಾಡಲಾಗದು. ಸರ್ವರು ನಮ್ಮ ಪಾಸ್‌ವರ್ಡನ್ನು ಗಣಿತದ ಬೀಸುಗಲ್ಲಿಗೆ ಹಾಕಿ ಹಿಟ್ಟನ್ನು ಮಾತ್ರ ಕಣಜದಲ್ಲಿ ಇಟ್ಟುಕೊಳ್ಳುತ್ತದೆ. ನಾವು ಮರುದಿನ ಬಂದು ಪಾಸ್‌ವರ್ಡನ್ನು ಹೇಳಿದಾಗ ಅದನ್ನೂ ಬೀಸಿ, ಎರಡು ಹಿಟ್ಟುಗಳೂ ಒಂದೇ ಆಗಿದ್ದರೆ ಒಳಗೆ ಬಿಡುತ್ತದೆ. ಕಳ್ಳನು ಕಣಜವನ್ನು ಒಡೆದರೂ ಅವನಿಗೆ ಸಿಗುವುದು ಹಿಟ್ಟೇ ಹೊರತು ಅಕ್ಕಿಯಲ್ಲ. ಆದರೆ ಇಬ್ಬರ ಪಾಸ್‌ವರ್ಡು ಒಂದೇ ಆಗಿದ್ದರೆ ಇಬ್ಬರ ಹಿಟ್ಟೂ ಒಂದೇ ಆಗುವುದಷ್ಟೆ? ಅದಕ್ಕಾಗಿ ಪ್ರತಿಯೊಬ್ಬರ ಅಕ್ಕಿಗೂ ಬೇರೆ ಬೇರೆ ‘ಉಪ್ಪನ್ನು’ ಬೆರೆಸಿ ಬೀಸುತ್ತಾರೆ. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬವರು ಈ ಉಪ್ಪಿನ ಕ್ರಮವನ್ನು ೧೯೭೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದ್ದಾರೆ. ಇನ್ನೊಂದು ಸೂಕ್ಷ್ಮವುಂಟು: ಈ ಬೀಸುಗಲ್ಲು ಬೇಕೆಂದೇ ಮಂದಗತಿಯದಾಗಿರಬೇಕು. ಲಕ್ಷಗಟ್ಟಲೆ ಬಾರಿ ಬೀಸುವ ಕ್ರಮವಾದರೆ, ಒಮ್ಮೆ ಒಳಬರುವ ಗೃಹಸ್ಥನಿಗೆ ಕ್ಷಣಕಾಲದ ತಡ. ಕೋಟಿ ಊಹೆಗಳನ್ನು ಮಾಡಬೇಕಾದ ಕಳ್ಳನಿಗೆ ಆಯುಷ್ಯವೇ ಸಾಲದು.

ನಮ್ಮ ಶಿಷ್ಯನು ಈ ಬೀಸುಗಲ್ಲನ್ನು ತಾನೇ ಕಡೆಯಲಿಲ್ಲ. ಆತನು ಬಳಸಿದುದು ೨೦೦೫ರಲ್ಲಿ ಲೋಕಕ್ಕೆ ಬಿಡುಗಡೆಯಾದ ಜಾಂಗೋ ಎಂಬ ಸಾಧನಸಮೂಹ. ಖಾತೆ, ಪಾಸ್‌ವರ್ಡು, ಬಿಲ್ಲೆ, ಅಧಿಕಾರ ಇವೆಲ್ಲದರ ಏರ್ಪಾಡೂ ಅದರಲ್ಲಿ ಸಿದ್ಧವಾಗಿಯೇ ಇವೆ. “ಇದನ್ನ ಸ್ವಂತ ಬರಿಯೋಕೆ ಹೋಗಬಾರದು ಸಾರ್, ಸಾವಿರ ಜನ ಪರೀಕ್ಷೆ ಮಾಡಿದ್ದನ್ನ ಬಳಸಬೇಕು” ಎಂದನು. ಕೀಲಿಯನ್ನು ಬಡಗಿಯು ಮಾಡುವುದಿಲ್ಲ, ಅಂಗಡಿಯಿಂದ ತಂದು ಜೋಡಿಸುತ್ತಾನೆ. ಅದೂ ಇದೇ ನ್ಯಾಯ.

ಪಾಸ್‌ವರ್ಡನ್ನು ಆರಿಸುವ ವಿಷಯದಲ್ಲಿ ನಾವೇ ಪರಿಹಾಸಕ್ಕೆ ಗುರಿಯಾದೆವು. ಮೊಮ್ಮಗಳ ಹೆಸರನ್ನೂ ಅವಳು ಹುಟ್ಟಿದ ವರುಷವನ್ನೂ ಜೋಡಿಸಿ, ಮರೆಯಬಾರದೆಂದು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟಿದ್ದೆವು. ಅಮೆರಿಕದ ಮಾನಕಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ಸೂಚನೆಗಳ ತಾತ್ಪರ್ಯವನ್ನು ಶಿಷ್ಯನು ಆಗ ಹೇಳಿದನು: ಪಾಸ್‌ವರ್ಡಿಗೆ ಉದ್ದವೇ ಬಲ, ಚಿತ್ರವಿಚಿತ್ರ ಚಿಹ್ನೆಗಳನ್ನು ಬಲವಂತದಿಂದ ತುರುಕಿಸಬೇಕಾಗಿಲ್ಲ, ಕಾರಣವಿಲ್ಲದೆ ತಿಂಗಳು ತಿಂಗಳಿಗೂ ಬದಲಾಯಿಸೆಂದು ಪೀಡಿಸಬಾರದು, ಈಗಾಗಲೇ ಬಯಲಾಗಿರುವ ಪಾಸ್‌ವರ್ಡುಗಳನ್ನು ಮಾತ್ರ ಸರ್ವಥಾ ಒಪ್ಪಬಾರದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಪೋಣಿಸಿದರೆ ನೆನಪಿಗೂ ಸುಲಭ, ಊಹೆಗೂ ದೂರ. ಕ್ಯಾಲೆಂಡರಿನ ಆ ಹಾಳೆಯನ್ನು ನಾವು ಹರಿದೆವು.

ಮೂರನೆಯ ಉಂಗುರವು ಶ್ರೀರಾಮನದು. ಅಶೋಕವನದಲ್ಲಿ ಹನುಮಂತನನ್ನು ಕಂಡ ಸೀತಾದೇವಿಯು ಅವನು ಮಾಯಾವಿಯಾದ ರಾವಣನೇ ಇರಬಹುದೆಂದು ಶಂಕಿಸುತ್ತಾಳೆ. ಹನುಮಂತನು ರಾಮನ ಲಕ್ಷಣಗಳನ್ನು ಹೇಳುತ್ತಾನೆ, ಉಂಗುರವನ್ನೂ ಕೊಡುತ್ತಾನೆ. ಆತನು ಮರಳುವಾಗ ಸೀತೆಯು ಚೂಡಾಮಣಿಯನ್ನು ಕೊಡುವುದಲ್ಲದೆ, ಚಿತ್ರಕೂಟದಲ್ಲಿ ಕಾಗೆಯು ತನ್ನನ್ನು ಪೀಡಿಸಿದ, ರಾಮನೂ ತಾನೂ ಬಲ್ಲ ವೃತ್ತಾಂತವನ್ನು ಗುರುತಾಗಿ ಹೇಳಿ ಕಳುಹಿಸುತ್ತಾಳೆ. ಮಣಿಯನ್ನು ಕದಿಯಬಹುದು; ಕಥೆಯನ್ನು ಕದಿಯುವುದು ಕಷ್ಟ. ಎರಡೂ ಕೂಡಿದಾಗ ಸಂದೇಹಕ್ಕೆ ಎಡೆಯಿಲ್ಲ. ‘ತನ್ನಲ್ಲಿರುವ ವಸ್ತು, ತನಗೆ ತಿಳಿದಿರುವ ಮಾತು’ ಎಂಬ ಈ ಜೋಡಿಯೇ ಇಂದು ಪಾಸ್‌ವರ್ಡೂ ಓ.ಟಿ.ಪಿ.ಯೂ ಆಗಿದೆ. ಪಾಸ್‌ವರ್ಡು ತಿಳಿದ ಮಾತು, ಓ.ಟಿ.ಪಿ.ಯು ನಮ್ಮ ಫೋನೆಂಬ ವಸ್ತುವು ನಮ್ಮ ಕೈಯಲ್ಲಿಯೇ ಇದೆಯೆಂಬುದಕ್ಕೆ ಸಾಕ್ಷಿ. ಓ.ಟಿ.ಪಿ.ಯನ್ನು ಪರರಿಗೆ ಓದಿ ಹೇಳುವವನು ಚೂಡಾಮಣಿಯನ್ನು ತಾನೇ ರಾವಣನ ಕೈಗಿತ್ತಂತೆ.

ಮೂರನೆಯ ಬಗೆಯ ಗುರುತೊಂದುಂಟು. ಅದು ಮನುಷ್ಯನ ದೇಹವೇ. ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿಯು ೧೮೫೮ರಲ್ಲಿ ಬಂಗಾಳದಲ್ಲಿ ಒಬ್ಬ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡನು. ಬೆರಳಚ್ಚಿನ ಆಧುನಿಕ ಇತಿಹಾಸವನ್ನು ಅಲ್ಲಿಂದಲೇ ಹೇಳುವುದುಂಟು. ನಮ್ಮ ನಾಡಿನಲ್ಲಿ ಇದರ ದೊಡ್ಡ ಪ್ರಯೋಗವು ನಡೆದುದು ‘ಭೂಮಿ’ ಯೋಜನೆಯಲ್ಲಿ. ೨೦೦೦ದ ಆಸುಪಾಸಿನ ವರುಷಗಳಲ್ಲಿ ಕರ್ನಾಟಕದ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ಸುಮಾರು ೬೭ ಲಕ್ಷ ಭೂಮಾಲಿಕರ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅದರೊಳಗೆ ಹಕ್ಕುಬದಲಾವಣೆಯನ್ನು ನಮೂದಿಸುವ ನೌಕರನು ಬೆರಳಚ್ಚನ್ನಿತ್ತೇ ಒಳಹೊಗಬೇಕೆಂಬ ನಿಯಮವನ್ನು ಮಾಡಿದರು. ಹೊಲದ ಹೆಸರು ಬದಲಾದ ಮೇಲೆ ‘ಅದನ್ನು ಮಾಡಿದವನು ನಾನಲ್ಲ’ ಎನ್ನುವ ದಾರಿಯು ಇದರಿಂದ ಮುಚ್ಚಿತು. ಒಂದೆಕರೆಯ ಹಕ್ಕಿಗಾಗಿ ಕಚೇರಿಯ ಮೆಟ್ಟಲು ಸವೆಸಿದ ರೈತರನ್ನು ಕಂಡವರಿಗೆ ಇದರ ಬೆಲೆಯು ತಿಳಿಯುವುದು.

ಆದರೆ ಬೆರಳಚ್ಚಿಗೆ ಒಂದು ಕೊರತೆಯುಂಟು. ಪಾಸ್‌ವರ್ಡು ಬಯಲಾದರೆ ಹೊಸದನ್ನು ಇಟ್ಟುಕೊಳ್ಳಬಹುದು. ಬೆರಳು ಬಯಲಾದರೆ ಹೊಸ ಬೆರಳನ್ನು ಎಲ್ಲಿಂದ ತರೋಣ? ನೋಂದಣಿಯಾದ ಆಸ್ತಿಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚುಗಳನ್ನು ತೆಗೆದು, ಅವುಗಳಿಂದ ಬ್ಯಾಂಕಿನ ಹಣವನ್ನು ಅಪಹರಿಸಿದ ಪ್ರಕರಣಗಳು ೨೦೨೩ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದುವು. ಆಧಾರ್ ಉಳ್ಳವರು ತಮ್ಮ ಬೆರಳಚ್ಚಿನ ಬಳಕೆಗೆ ಬೀಗ ಹಾಕಿಡುವ ಅನುಕೂಲವನ್ನು ಆಧಾರ್ ಪ್ರಾಧಿಕಾರವು ಕಲ್ಪಿಸಿದೆ. ಗೃಹಸ್ಥರು ಅದನ್ನು ಉಪಯೋಗಿಸಿಕೊಳ್ಳುವುದು ಲೇಸು.

ಇನ್ನು ಖಾತೆಗಳ ಆಡಳಿತವನ್ನು ಕುರಿತು ಹೇಳಬೇಕಾಗಿದೆ. ಬಾಗಿಲನ್ನು ಇಡುವುದು ಒಂದು ದಿನದ ಕೆಲಸ; ಕೀಲಿಕೈಗಳು ಯಾರ ಯಾರಲ್ಲಿವೆಯೆಂದು ನೋಡಿಕೊಳ್ಳುವುದು ನಿತ್ಯದ ಕೆಲಸ. ಖಾತೆಯನ್ನು ಯಾರು ತೆರೆಯಬಹುದೆಂಬುದೇ ಮೊದಲ ಪ್ರಶ್ನೆ. ಎಲ್ಲರಿಗೂ ಮುಕ್ತವಾಗಿ ಬಿಟ್ಟರೆ ಯಂತ್ರಗಳೇ ಬಂದು ಹುಸಿ ಖಾತೆಗಳನ್ನು ತೆರೆಯುವ ಕಾಲವಿದು. ಆಸ್ತಿನೋಂದಣಿಯ ‘ಕಾವೇರಿ ೨.೦’ ತಾಣಕ್ಕೆ ೨೦೨೫ರ ಜನವರಿಯಲ್ಲಿ ಹುಸಿ ಖಾತೆಗಳ ಮೂಲಕ ಅಗಣಿತ ಕೋರಿಕೆಗಳು ಒಮ್ಮೆಲೇ ನುಗ್ಗಿ, ರಾಜ್ಯದ ನೋಂದಣಿಯ ಕೆಲಸವೇ ಕುಂಠಿತವಾದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ನಮ್ಮ ನಿಧಿಯಲ್ಲಾದರೋ ಖಾತೆಯನ್ನು ತೆರೆಯುವ ಅಧಿಕಾರವು ಇಬ್ಬರಿಗೆ ಮಾತ್ರ. ತಪ್ಪು ಪಾಸ್‌ವರ್ಡನ್ನು ಐದು ಸಾರಿ ಹೇಳಿದವನು ಸ್ವಲ್ಪ ಹೊತ್ತು ಕಾಯಲೇಬೇಕು. ತಪ್ಪಾದಾಗ ಬರುವ ಉತ್ತರವೂ ಜಾಣತನದ್ದು: ‘ಹೆಸರು ಅಥವಾ ಪಾಸ್‌ವರ್ಡು ಸರಿಯಿಲ್ಲ’ ಎಂದಷ್ಟೇ ಹೇಳುವುದು. ‘ಈ ಹೆಸರಿನವರು ಇಲ್ಲಿಲ್ಲ’ ಎಂದು ಹೇಳಿದರೆ, ಯಾರು ಯಾರು ಇದ್ದಾರೆಂಬ ಗುಟ್ಟನ್ನು ನಾವೇ ಬಿಟ್ಟುಕೊಟ್ಟಂತಾಗುವುದು.

ಪಾಸ್‌ವರ್ಡನ್ನು ಮರೆತವರ ಗತಿಯೇನು? ಸರ್ವರಲ್ಲಿ ಹಿಟ್ಟು ಮಾತ್ರ ಇರುವುದರಿಂದ ಹಳೆಯದನ್ನು ಹೇಳಲು ಯಾರಿಂದಲೂ ಆಗದು. ಮೊದಲೇ ನೋಂದಾಯಿಸಿದ ಅಂಚೆಗೆ ಅಥವಾ ಫೋನಿಗೆ, ಒಮ್ಮೆ ಮಾತ್ರ ತೆರೆಯುವ, ಅಲ್ಪಕಾಲ ಮಾತ್ರ ಬಾಳುವ ಒಂದು ಕೀಲಿಯನ್ನು ಕಳುಹಿಸುತ್ತಾರೆ. ಆದುದರಿಂದ ಖಾತೆಯ ಪ್ರಾಣವು ನಿಜವಾಗಿ ಆ ಫೋನಿನ ಸಂಖ್ಯೆಯಲ್ಲಿದೆ. ಅಂಗಡಿಯವರ ಸಂಖ್ಯೆಯನ್ನು ಕೊಟ್ಟು ಮಕ್ಕಳ ಖಾತೆಯನ್ನು ತೆರೆಯಿಸಿ, ಮುಂದಿನ ವರುಷ ಅಂಗಡಿಯೇ ಇಲ್ಲದೆ ಅರ್ಜಿಯ ಗಡುವನ್ನು ತಪ್ಪಿಸಿಕೊಂಡ ಮನೆಗಳನ್ನು ನಾವು ಬಲ್ಲೆವು.

ಹೊರಟುಹೋದವರ ಖಾತೆಯ ವಿಚಾರವೂ ಉಂಟು. ಸಿರುಗುಪ್ಪದ ನಮ್ಮ ಲೆಕ್ಕಿಗರು ಮಗನ ಮನೆಗೆಂದು ಹುಬ್ಬಳ್ಳಿಗೆ ಹೋಗಿ ನೆಲೆಸಿದರು. ಅವರ ಖಾತೆಯು ಎಂಟು ತಿಂಗಳು ಹಾಗೆಯೇ ತೆರೆದಿದ್ದಿತು. ಅವರು ಪ್ರಾಮಾಣಿಕರಾದುದರಿಂದ ಕೇಡೇನೂ ಆಗಲಿಲ್ಲ. ಆದರೆ ಪ್ರಾಮಾಣಿಕತೆಯನ್ನೇ ಅಗುಳಿಯೆಂದು ನಂಬುವುದು ಆಡಳಿತವಲ್ಲ. ಇಂತಹ ಖಾತೆಯನ್ನು ಅಳಿಸಿಹಾಕಬಾರದು, ನಿಷ್ಕ್ರಿಯಗೊಳಿಸಬೇಕು. ಅಳಿಸಿದರೆ ಅವರು ಬರೆದ ಹಿಂದಿನ ಲೆಕ್ಕಗಳಿಗೆ ಕರ್ತೃವೇ ಇಲ್ಲದಂತಾಗುವುದು. ಪೂರ್ವದಲ್ಲಿ ತಾಮ್ರಶಾಸನದ ಹಲಗೆಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಅದರ ತುದಿಗಳನ್ನು ಅರಸನ ಲಾಂಛನದ ಮುದ್ರೆಯಿಂದ ಬೆಸೆಯುತ್ತಿದ್ದರು. ಮುದ್ರೆಯನ್ನು ಒಡೆಯದೆ ನಡುವೆ ಹಲಗೆಯನ್ನು ಸೇರಿಸುವಂತಿರಲಿಲ್ಲ. ಯಾರು, ಯಾವಾಗ, ಏನನ್ನು ಬದಲಾಯಿಸಿದರೆಂಬ ದಿನಚರಿಯು ಇಂದಿನ ಆ ಮುದ್ರೆಯು.

ಒಬ್ಬರ ಹೆಸರನ್ನು ಹಲವರು ಹಂಚಿಕೊಳ್ಳಬಾರದೆಂಬ ನಿಯಮಕ್ಕೆ ಸಿರುಗುಪ್ಪ ತಾಲೂಕಿನಲ್ಲಿಯೇ ಒಂದು ನಿದರ್ಶನವಿದೆ. ಮೌರ್ಯ ಚಕ್ರವರ್ತಿಯು ತನ್ನ ಹೆಚ್ಚಿನ ಶಾಸನಗಳಲ್ಲಿ ‘ದೇವರಿಗೆ ಪ್ರಿಯನಾದವನು’ ಎಂಬ ಬಿರುದಿನಿಂದಲೇ ಮಾತಾಡುತ್ತಾನೆ. ಆ ಬಿರುದಿನವನು ಯಾರೆಂಬುದರಲ್ಲಿ ವಿದ್ವಾಂಸರು ಒಮ್ಮೆ ತೊಡಕಿಗೆ ಸಿಕ್ಕಿದ್ದರು. ಸಿಂಹಳದ ಅರಸನಿರಬಹುದೆಂದೂ ಊಹಿಸಿದ್ದರು. ಅಶೋಕನೆಂಬ ಹೆಸರು ಸ್ಪಷ್ಟವಾಗಿ ಕಾಣುವ ಶಾಸನಗಳು ಬಹು ವಿರಳ. ಅವುಗಳಲ್ಲಿ ಎರಡು ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳಂಗಳಲ್ಲಿವೆ. ಬಿರುದು ಎಷ್ಟು ದೊಡ್ಡದಾದರೂ ಅದರಿಂದ ವ್ಯಕ್ತಿಯು ತಿಳಿಯನು. ‘ಕಚೇರಿ’, ‘ಕಾರ್ಯದರ್ಶಿ’ ಎಂಬ ಒಂದೇ ಖಾತೆಯನ್ನು ನಾಲ್ವರು ಬಳಸಿದರೆ, ತಪ್ಪು ಯಾರದೆಂದು ಯಾರೂ ಹೇಳಲಾರರು. ಆದುದರಿಂದ ನಮ್ಮ ನಿಧಿಯಲ್ಲಿ ಪ್ರತಿಯೊಬ್ಬರಿಗೂ ಅವರವರ ಹೆಸರಿನ ಖಾತೆಯೇ ಇದೆ.

ಇಷ್ಟೆಲ್ಲ ಆದ ಮೇಲೆ ಬಾಗಿಲು ಭದ್ರವಾಯಿತೆಂದು ನಾವು ಸಂತೋಷಪಟ್ಟೆವು. ಪ್ರತಿ ಮಗುವಿಗೂ ಪಾಲಕರ ಒಪ್ಪಿಗೆಯಿಂದ ಒಂದು ಖಾತೆಯನ್ನು ಕೊಟ್ಟು, ತನ್ನ ಹಾಳೆಯನ್ನು ತಾನೇ ನೋಡಿಕೊಳ್ಳುವಂತೆ ಮಾಡಿದೆವು. ೨೦೨೩ರಲ್ಲಿ ಅಂಗೀಕೃತವಾದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ ಹದಿನೆಂಟು ತುಂಬದವರ ವಿವರಗಳಿಗೆ ಪಾಲಕರ ಒಪ್ಪಿಗೆಯು ಬೇಕೆಂದು ಹೇಳುತ್ತದೆ. ಆ ಕಾಗದವನ್ನು ಹಿಡಿದುಕೊಂಡು ನಾವೇ ಕುರುಗೋಡಿನ ಬಸ್ಸು ಹತ್ತಿ ಹುಡುಗಿಯ ಮನೆಗೆ ಹೋದೆವು. ತಂದೆಯ ವಿಷಯದ ಸಾಲನ್ನು ಅಳಿಸಿಬಿಟ್ಟಿರುವೆವೆಂದು ಹೇಳಿ, ತಾಯಿಯ ಕ್ಷಮೆಯನ್ನು ಬೇಡಿದೆವು. ಅವರು ತಲೆತಗ್ಗಿಸಿ ಕುಳಿತಿದ್ದರು. ಪಿ.ಯು.ಸಿ.ಯಲ್ಲಿ ಗಣಕವಿಜ್ಞಾನವನ್ನೇ ಆರಿಸಿಕೊಂಡಿದ್ದ ಹುಡುಗಿಯು ಮಾತಾಡದೆ ನಮ್ಮ ಫೋನನ್ನು ಕೇಳಿ ತೆಗೆದುಕೊಂಡಳು. ತನ್ನ ಖಾತೆಯಿಂದ ಒಳಹೊಕ್ಕು ತನ್ನ ಹಾಳೆಯನ್ನು ತೆರೆದಳು. ವಿಳಾಸದ ಕೊನೆಯಲ್ಲಿ ೪೧ ಎಂದಿದ್ದಿತು. ಅದನ್ನು ಅಳಿಸಿ ೪೨ ಎಂದು ಬರೆದಳು. ಮತ್ತೊಂದು ಮಗುವಿನ ಹಾಳೆಯು ಪೂರ್ಣವಾಗಿ ನಮ್ಮೆದುರು ತೆರೆದುಕೊಂಡಿತು.

“ಸಾರ್, ನನ್ನ ಹೆಸರು ಮುಚ್ಚೀರಿ. ಇವರದು ಇನ್ನಾ ಬಯಲಾಗೇ ಐತೆ” ಎಂದಳು.

ಒಳಗೆ ಬಂದವರು ಯಾರೆಂದು ಕೇಳುವ ಬಾಗಿಲನ್ನು ಇಟ್ಟಿದ್ದೆವು. ಒಳಗೆ ಬಂದವರು ಯಾವ ಕೋಣೆಗೆ ಹೋಗಬಹುದೆಂದು ಕೇಳುವವರು ಯಾರೂ ಇರಲಿಲ್ಲ. ‘ನೀನು ಯಾರು?’ ಎಂಬುದು ಒಂದು ಪ್ರಶ್ನೆ; ‘ಇದನ್ನು ನೋಡಲು ನಿನಗೆ ಅಧಿಕಾರವುಂಟೇ?’ ಎಂಬುದು ಬೇರೊಂದು ಪ್ರಶ್ನೆ. ದೇವಸ್ಥಾನದ ಮಹಾದ್ವಾರವನ್ನು ದಾಟಿದವರೆಲ್ಲರೂ ಉಗ್ರಾಣದ ಒಳಹೋಗಲು ಸಲ್ಲರಷ್ಟೆ. ಹಾಳೆಯ ಕೊಂಡಿಯನ್ನು ಕಣ್ಣಿಗೆ ಕಾಣದಂತೆ ಮರೆಮಾಡಿದರೆ ಸಾಲದು. ಪ್ರತಿಯೊಂದು ಹಾಳೆಯನ್ನು ಕೊಡುವ ಮುನ್ನವೂ ಅದು ಕೇಳಿದವರದೇ ಹೌದೇ ಎಂದು ಸರ್ವರು ಪರೀಕ್ಷಿಸಲೇಬೇಕು. ಶಿಷ್ಯನಿಗೆ ಅಲ್ಲಿಂದಲೇ ಫೋನು ಮಾಡಿದೆವು. ಅವನು ನಾಚಿ, ಆ ರಾತ್ರಿಯೇ ಪುಟಗಳನ್ನು ಮತ್ತೆ ಮುಚ್ಚಿ, ಎರಡು ದಿನಗಳಲ್ಲಿ ಸರಿಪಡಿಸಿದನು. ಸರಿಯಾಯಿತೆಂದು ಒ��್ಪುವ ಮೊದಲು ಅವಳನ್ನೇ ಪರೀಕ್ಷಿಸಲು ಕೇಳಿಕೊಂಡನು. ಸಂಖ್ಯೆಯನ್ನು ಬದಲಾಯಿಸಿದಾಗ ‘ಅಂತಹ ಹಾಳೆ ಇಲ್ಲ’ ಎಂಬ ಉತ್ತರವೇ ಬಂದಿತು.

ನಮ್ಮ ಕೈಯಿಂದ ನೋವುಂಡವಳೇ ಉಳಿದ ಮಕ್ಕಳ ಮರ್ಯಾದೆಯನ್ನು ಕಾದಳು. ಸೋಮವಾರ ಅವಳು ಕಾಲೇಜಿಗೆ ಹೋದಳೆಂದು ತಾಯಿಯು ತಿಳಿಸಿದರು. ಹಣವನ್ನು ಆಗ ಅವರು ಮರಳಿ ತೆಗೆದುಕೊಳ್ಳಲಿಲ್ಲ. ‘ನೋಡೋಣ ಮೇಷ್ಟ್ರೇ’ ಎಂದಷ್ಟೇ ಹೇಳಿದರು. ಎರಡು ತಿಂಗಳ ತರುವಾಯ ಪರೀಕ್ಷೆಯ ಶುಲ್ಕದ ಹೊತ್ತಿಗೆ ತಾವಾಗಿಯೇ ಬಂದು ತೆಗೆದುಕೊಂಡು ಹೋದರು. ನಾವು ಅದಕ್ಕಿಂತ ಹೆಚ್ಚಿನದನ್ನು ಕೇಳಲು ಅರ್ಹರಾಗಿರಲಿಲ್ಲ.

ಗೃಹಸ್ಥರಲ್ಲಿ ನಮ್ಮ ವಿನಂತಿಯು ಸ್ವಲ್ಪವೇ. ಮನೆಯ ಖಾತೆಗಳು ಮನೆಯವರ ಫೋನಿನ ಸಂಖ್ಯೆಯಲ್ಲಿಯೇ ಇರಲಿ. ಒಂದೇ ಪಾಸ್‌ವರ್ಡನ್ನು ಎಲ್ಲ ಬಾಗಿಲುಗಳಿಗೂ ಇಡಬೇಡಿರಿ. ಒಂದು ಕಡೆ ಕಳೆದುದು ಎಲ್ಲ ಕಡೆಯೂ ಕಳೆದಂತಾಗುವುದು. ಓ.ಟಿ.ಪಿ.ಯನ್ನು ಫೋನಿನಲ್ಲಿ ಕೇಳುವವನು ಬ್ಯಾಂಕಿನವನೆಂದರೂ ಸರಕಾರದವನೆಂದರೂ ನಂಬಬೇಡಿರಿ. ಮೋಸವಾದರೆ ತಡಮಾಡದೆ ೧೯೩೦ ಎಂಬ ಸಹಾಯವಾಣಿಗೆ ಕರೆಮಾಡಿರಿ. ಸಂಘವನ್ನೋ ನಿಧಿಯನ್ನೋ ನಡೆಸುವವರಾಗಿದ್ದರೆ, ಬಾಗಿಲನ್ನು ಕಟ್ಟುವ ಮೊದಲೇ ಒಳಗೆ ಏನನ್ನು ಬರೆದಿಡಬೇಕೆಂದು ಯೋಚಿಸಿರಿ. ಬರೆಯದ ಸಾಲನ್ನು ಯಾವ ಕಳ್ಳನೂ ಓದಲಾರನು. ಆ ಒಂದು ಸಾಲನ್ನು ಬರೆಯುವ ಮುನ್ನ ನಮಗಿದು ಹೊಳೆಯಲಿಲ್ಲವಲ್ಲಾ ಎಂಬ ವ್ಯಥೆಯು ನಮ್ಮಲ್ಲಿ ಈಗಲೂ ಉಳಿದಿದೆ.